ಅಪ್ಪನ ಪಾಲು

ಅಮ್ಮ ಮಗನ ತೋಳಿಗೆ ಬಿಪಿ ಪಟ್ಟಿ ಸುತ್ತುವಾಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಮಿಕ್ಸಿ ತಿರುಗಬಾರದು, ನಲ್ಲಿ ಸುರಿಯಬಾರದು, ಅಕ್ಕ ಫೋನಿನಲ್ಲಿ ನಗಬಾರದು. ಗಂಡ ನಲವತ್ತೊಂದಕ್ಕೇ ಎದೆ ಹಿಡಿದುಕೊಂಡು ಕುಸಿದು ಹೋದ ಮೇಲೆ ಅಮ್ಮ ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು. ಅವನಿಗೆ ಉಪ್ಪು ಕಡಿಮೆ ಹಾಕಿದ ಅಡುಗೆ ಬೇರೆ. ಅವನ ಸ್ನೇಹಿತರ ಅಂಗಿಯಲ್ಲಿ ಸಿಗರೇಟಿನ ವಾಸನೆ ಬಂದರೆ ಅವರಿಗೂ ಬಾಗಿಲಲ್ಲೇ ಬೈಗುಳ. ಅವನಿಗಿಂತ ಮೂರು ವರ್ಷ ದೊಡ್ಡವಳು ಅಕ್ಕ. ಟ್ಯಾಕ್ಸಿ ಕಂಪನಿಯೊಂದರಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡು ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕೆಲಸ ಅವಳದು. ಮಧ್ಯಾಹ್ನ ಊಟದ ಬದಲು ಚಿಪ್ಸ್ ಪ್ಯಾಕೆಟ್ ಒಡೆದರೂ ಕೇಳುವವರಿರಲಿಲ್ಲ.

“ನನಗೂ ಒಂದ್ಸಲ ನೋಡಮ್ಮಾ,” ಅಂದಳು ಆ ಶನಿವಾರ, ತಮಾಷೆಗೆಂಬಂತೆ.

“ನಿನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀಯ.” ಅಮ್ಮ ಪಟ್ಟಿ ಬಿಚ್ಚಿ ಸುತ್ತಿಟ್ಟಳು. “ಬೇಗ ರೆಡಿಯಾಗು. ಇವನನ್ನ ಡಾಕ್ಟರಿಗೆ ತೋರಿಸ್ಬೇಕು. ಕಂಪನಿ ಕಾರು ಕೇಳಿ ತಂದಿದ್ದೀಯ ತಾನೇ?”

ತಂದಿದ್ದಳು. ಇಪ್ಪತ್ತಮೂರರ ಗಟ್ಟಿಮುಟ್ಟು ಹುಡುಗನನ್ನು ಹಿಂದಿನ ಸೀಟಿನಲ್ಲಿ ಗಾಜಿನ ಸಾಮಾನಿನಂತೆ ಕೂರಿಸಿಕೊಂಡು ಅಮ್ಮ ದಾರಿಯುದ್ದಕ್ಕೂ “ನಿಧಾನ, ನಿಧಾನ” ಅನ್ನುತ್ತಿದ್ದಳು. ಹಳ್ಳ ಸಿಕ್ಕಿದಾಗ ಅಕ್ಕ ಬೇಕೆಂದೇ ಬ್ರೇಕು ಒತ್ತಲಿಲ್ಲ.

ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. ತಮ್ಮನ ಎದೆಗೆ ಕಿವಿಗೊಟ್ಟರು, ರಕ್ತದ ವರದಿ ನೋಡಿದರು. “ಎಲ್ಲ ಚೆನ್ನಾಗಿದೆ. ಫುಟ್‌ಬಾಲ್ ಆಡ್ತಾನೆ, ಸಿಗರೇಟು ಮುಟ್ಟಲ್ಲ. ಹೀಗೇ ಇರಲಿ,” ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಡೆಗೆ ಒರಗಿ ನಿಂತಿದ್ದ ಅಕ್ಕ ಅದನ್ನೇ ನೋಡುತ್ತಿದ್ದಳು. ಏನೂ ಆಗದವನಿಗೆ ಇಷ್ಟು ಕಣ್ಣೀರು. ಮೊನ್ನೆ ಅವಳು ಜ್ವರದಲ್ಲಿ ಕೆಲಸಕ್ಕೆ ಹೊರಟಾಗ ಅಮ್ಮ ಮಾತ್ರೆ ಕೈಗಿಟ್ಟು, “ಹೋಗುವಾಗ ಬಾಗಿಲು ಎಳ್ಕೊಂಡು ಹೋಗು” ಅಂದಿದ್ದಳು, ಅಷ್ಟೆ.

“ಇವಳು?” ಡಾಕ್ಟರು ಕೇಳಿದರು.

“ನನ್ನ ಮಗಳು. ಕಾರು ಓಡಿಸೋಕೆ ಬಂದ್ಲು.”

“ಅದೇ ಅಪ್ಪನ ಮಗಳು ತಾನೇ?”

ಅಮ್ಮ ತಬ್ಬಿಬ್ಬಾದಳು. “ಅಯ್ಯೋ, ಮತ್ತೇನು!”

“ಹಾಗಿದ್ರೆ ಅವಳನ್ನ ಗೋಡೆಗೆ ಯಾಕೆ ನಿಲ್ಲಿಸಿದ್ದೀರಿ? ಅಪ್ಪನ ಪಾಲು ಬರೀ ಗಂಡುಮಕ್ಕಳಿಗೇ ಬರತ್ತೆ ಅಂತ ಯಾರು ಹೇಳಿದ್ದು? ಬಾಮ್ಮ, ಕೂತ್ಕೋ.”

ಪಟ್ಟಿ ಉಬ್ಬಿ, ಬಿಗಿದು, ಸಡಿಲವಾಯಿತು. ಡಾಕ್ಟರು ಅವಳನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು. “ನಿನ್ನ ವಯಸ್ಸಿಗೆ ಇದು ಜಾಸ್ತಿ ಕಣಮ್ಮ. ಹೆದರೋದೇನೂ ಇಲ್ಲ, ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು. ರಕ್ತ ಪರೀಕ್ಷೆ ಮಾಡ್ಸು, ಮನೇಲಿ ದಿನಾ ಬಿಪಿ ನೋಡ್ತಾ ಇರು, ಮುಂದಿನ ವಾರ ಬಾ. ಉಪ್ಪು ಕಮ್ಮಿ ಮಾಡು, ಬೆಳಿಗ್ಗೆ ನಡಿ, ಚೆನ್ನಾಗಿ ನಿದ್ದೆ ಮಾಡು. ನಲವತ್ತಾದ ಮೇಲೆ ನೋಡ್ಕೊಂಡ್ರಾಯ್ತು ಅಂತ ಎಲ್ಲರೂ ಕೂತ್ಬಿಡ್ತಾರೆ. ಹೃದಯ ಅಲ್ಲೀವರೆಗೆ ಕಾಯಲ್ಲ.”

ಭಯವಾಗಬೇಕಿತ್ತು. ಆದರೆ ಅಕ್ಕನೊಳಗೆ ಮೊದಲು ಎದ್ದದ್ದು ಖುಷಿ. ಓಟದಲ್ಲಿ ತಮ್ಮನನ್ನು ಹಿಂದೆ ಹಾಕಿದಂಥ ಖುಷಿ. ‘ಅಪ್ಪ ನನಗೂ ಕೊಟ್ಟಿದ್ದಾನೆ!’ ಅಂದುಕೊಂಡಳು. ಗೆದ್ದವಳಂತೆ ಅಮ್ಮನ ಕಡೆ ತಿರುಗಿದಳು. ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಗ ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ವಾಪಸಾಗುವಾಗ ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನಿಂದ ತಮ್ಮ, “ಅಕ್ಕಾ, ಇನ್ಮೇಲೆ ನಿನ್ನ ಚಿಪ್ಸೆಲ್ಲ ನನಗೇ,” ಎಂದು ನಗಿಸಲು ನೋಡಿದ.

“ಬಾಯಿ ಮುಚ್ಕೊಂಡು ಕೂತ್ಕೊಳ್ಳೋ!” ಅಮ್ಮ ಗದರಿದಳು. ಅವನು ಆ ದನಿಯನ್ನು ಎಂದೂ ಕೇಳಿರಲಿಲ್ಲ. ಪೆಚ್ಚಾಗಿ ಕಿಟಕಿಯ ಆಚೆ ನೋಡತೊಡಗಿದ.

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅಕ್ಕನಿಗೆ ತಡೆಯಲಾಗಲಿಲ್ಲ. “ಇಷ್ಟು ವರ್ಷ ನಾನು ನಿನ್ನ ಕಣ್ಣಿಗೇ ಬೀಳಲಿಲ್ಲ ಅಲ್ವಾಮ್ಮ?”

ಅಮ್ಮ ಕೆಂಪು ದೀಪವನ್ನೇ ನೋಡುತ್ತಿದ್ದಳು. “ಅವನು ನಡೆಯೋದು, ಕೆಮ್ಮೋದು, ಬಾಗಿಲು ನೂಕೋದು, ಎಲ್ಲ ನಿಮ್ಮಪ್ಪನ ಥರಾನೇ. ಅವನು ಒಳಗೆ ಬಂದಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ನಿನ್ನನ್ನ ನೋಡಿದ್ರೆ ನಾನೇ ಕಾಣ್ತಿದ್ದೆ ಕಣೇ.” ಅಮ್ಮ ಈಗ ಮಗಳ ಕಡೆ ತಿರುಗಿದಳು. “ನನ್ನನ್ನ ನಾನು ಯಾವತ್ತು ನೋಡ್ಕೊಂಡಿದ್ದೀನಿ, ಹೇಳು?”

ದೀಪ ಹಸಿರಾಯಿತು. ಹಿಂದಿನ ಗಾಡಿಗಳು ಒಂದೇ ಸಮನೆ ಹಾರನ್ ಬಾರಿಸಿದವು. ಅಕ್ಕನಿಗೆ ಗೇರು ಸಿಗಲೇ ಇಲ್ಲ.

ಮರುದಿನ ಬೆಳಕು ಹರಿಯುವಾಗ ಯಾರೋ ಹೊದಿಕೆ ಎಳೆದರು. ಅಮ್ಮ ಸೀರೆ ಎತ್ತಿ ಸಿಕ್ಕಿಸಿ, ಕಾಲಿಗೆ ಎಲ್ಲಿಂದಲೋ ಹುಡುಕಿ ತೆಗೆದ ಹಳೆಯ ಕ್ಯಾನ್ವಾಸ್ ಶೂ ಹಾಕಿ ನಿಂತಿದ್ದಳು. “ಏಳೇ. ಇಬ್ಬರೂ ನಡೆದು ಬರೋಣ.” ಮೆಟ್ಟಿಲಿಳಿಯುವಾಗ ಇಬ್ಬರಿಗೂ ನಗು ಬಂತು. ಅಮ್ಮನ ಶೂ ಹೆಜ್ಜೆಹೆಜ್ಜೆಗೂ ಪಟಪಟ ಅನ್ನುತ್ತಿತ್ತು.

ಬೀದಿ ದಾಟುವಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ತಮ್ಮನ ದನಿ ಬಂತು. ಕೆದರಿದ ತಲೆ, ನಿದ್ದೆಗಣ್ಣು, ಊದಿದ ಮುಖ.

“ಅಮ್ಮಾ, ನನ್ನನ್ಯಾಕೆ ಎಬ್ಬಿಸಲಿಲ್ಲ?”

ಅಮ್ಮನಿಗೆ ಕೇಳಿಸಲಿಲ್ಲ. ಅಕ್ಕ ಮಾತ್ರ ಕತ್ತೆತ್ತಿ ನೋಡಿದಳು. ಆಮೇಲೆ ಅಮ್ಮನ ತೋಳಿಗೆ ತೋಳು ಸಿಕ್ಕಿಸಿಕೊಂಡು ಹೆಜ್ಜೆ ಜೋರು ಮಾಡಿದಳು.