ಅಪ್ಪನ ಕೋಟಿನ ತೋಳು

“ಇವರು ಯಾರು, ಹೇಳಿ ಅಜ್ಜಿ?” ಎಂದು ಡಾಕ್ಟರು ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳನ್ನು ತೋರಿಸಿದರು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, “ಯಾರೋ ಒಳ್ಳೆಯವರೇ ಇರ್ಬೇಕು. ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು,” ಎಂದಳು. ಮೊಮ್ಮಗಳು ನಗಲು ಹೋಗಿ, ಅಜ್ಜಿಯ ಸೆರಗು ಸರಿಮಾಡಿದಳು. ಇದೇ ಪ್ರಶ್ನೆಯನ್ನು ಮನೆಯಲ್ಲಿ ಕೇಳಲು ಒಂದು ವಾರದಿಂದ ಅವಳಿಗೆ ಧೈರ್ಯ ಬಂದಿರಲಿಲ್ಲ.

ಡಾಕ್ಟರು ಮೆದುಳಿನ ಚಿತ್ರವನ್ನು ಬೆಳಕಿಗೆ ಹಿಡಿದರು. “ನೆನಪು ಕೂಡಿಡೋ ಈ ಭಾಗ ಕುಗ್ಗಿದೆ. ಹೆಸರು, ಮುಖ ತಪ್ಪಿಹೋಗುತ್ತೆ. ಕೈಗೆ ರೂಢಿಯಾದ ಕೆಲಸದ ಜಾಗ ಬೇರೆ. ಅದು ಇನ್ನೂ ಸ್ವಲ್ಪ ಕಾಲ ಉಳೀಬಹುದು.”

“ಒಗೆದೂ ಒಗೆದೂ ಬಟ್ಟೆ ಕುಗ್ಗದೆ ಇರುತ್ತಾ ಸ್ವಾಮಿ?” ಎಂದಳು ಅಜ್ಜಿ. ನಲವತ್ತು ವರ್ಷ ಜನರ ಹರಿದ ಬಟ್ಟೆಗಳನ್ನು ಗುರುತೇ ಸಿಗದಂತೆ ರಫು ಮಾಡಿದವಳು ಅವಳು. ಮಾತಾಡುತ್ತಲೇ, ಮೊಮ್ಮಗಳು ತೊಟ್ಟಿದ್ದ ಅಪ್ಪನ ಹಳೇ ಕೋಟಿನ ತೋಳನ್ನು ಸುಮ್ಮನೆ ಸವರುತ್ತಿದ್ದಳು. ಮೊಣಕೈ ಹತ್ತಿರ, ಕಣ್ಣಿಗೆ ಏನೂ ಕಾಣದ ಒಂದು ಕಡೆ, ಬೆರಳು ನಿಂತಿತು. ಕಣ್ಣು ಮುಚ್ಚಿ ಉಗುರಿನ ತುದಿಯಿಂದ ಎಳೆಗಳನ್ನು ಒಂದೊಂದಾಗಿ ದಾಟಿದಳು. ಹಿಂದಕ್ಕೆ ಬಂದು ಮತ್ತೆ ದಾಟಿದಳು.

ಆಮೇಲೆ ಡಾಕ್ಟರ ಕಡೆಗೊಮ್ಮೆ ಕಳ್ಳನೋಟ ಬೀರಿ, ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದಳು. “ಲೇ ಕೋತಿ, ನಿಮ್ಮಪ್ಪನ ಹೊಸಾ ಕೋಟು ಹಾಕ್ಕೊಂಡು ಗೋಡೆ ಹತ್ತೋಕೆ ಹೋಗಿ ಹರ್ಕೊಂಡು ಬಂದಿದ್ದೆಯಲ್ಲ! ಅವನಿಗೆ ಇನ್ನೂ ಗೊತ್ತಾಗಿಲ್ಲ ತಾನೇ?”

“ಇಲ್ಲ ಅಜ್ಜಿ,” ಎಂದಳು ಮೊಮ್ಮಗಳು, ಅಷ್ಟೇ ಮೆಲ್ಲಗೆ.