ಚಂಪಕ್ಕನ ಬಲಗೈ

ಮದುವಣಗಿತ್ತಿಯ ರವಿಕೆ ಕತ್ತರಿಸುತ್ತಿದ್ದಾಗಲೇ ಚಂಪಕ್ಕನ ಬಲಗೈ 'ಅಪ್‌ಡೇಟ್ ಆಗುತ್ತಿದೆ' ಎಂದು ಹೇಳಿ ಮರಗಟ್ಟಿತು. ಊರಿನ ಅರ್ಧಕ್ಕರ್ಧ ದರ್ಜಿಗಳದ್ದು ಯಂತ್ರದ ಕೈಯೇ ಆದ್ದರಿಂದ ಇದೇನೂ ಹೊಸತಲ್ಲ. ಆದರೆ ಈ ಸಲ ಕತ್ತರಿ ಜಾರಿ ರೇಷ್ಮೆ ಅಡ್ಡಡ್ಡ ಸೀಳಿಹೋಯಿತು.

ಸಿಟ್ಟು ನೆತ್ತಿಗೇರಿ ಅವಳು ಕೈ ರಿಪೇರಿಯ ಕೇಂದ್ರಕ್ಕೆ ನಡೆದಳು.

"ಇದರೊಳಗಿನ ಆಪರೇಟಿಂಗ್ ಸಿಸ್ಟಮ್ ಹೇಗೆ ಕೆಲಸ ಮಾಡುತ್ತೆ? ನನ್ನಂಥವಳಿಗೆ ತಿಳಿಯೋ ಹಾಗೆ ಒಂದು ಪುಸ್ತಕ ಕೊಡಪ್ಪ."

"ನಿಮಗ್ಯಾಕಮ್ಮ ಅದೆಲ್ಲ? ಬಳಸಿದ್ರೆ ಸಾಕು," ಎಂದ ಗುಮಾಸ್ತ ಸುಮಂತ. ಅವಳು ಕದಲದಿದ್ದಾಗ 'ಹೊಸಬರಿಗಾಗಿ' ಎಂಬ ಇಟ್ಟಿಗೆ ಗಾತ್ರದ ಪುಸ್ತಕ ತಂದಿಟ್ಟ. 'ಕರ್ನೆಲ್ ಎಂದರೇನೆಂದು ನಿಮಗೆ ತಿಳಿದೇ ಇದೆ' ಎಂದಿತ್ತು ಅದರ ಮೊದಲ ಸಾಲು.

"ತಿಳಿದಿದ್ರೆ ನಾನಿಲ್ಲಿಗೆ ಯಾಕೆ ಬರ್ತಿದ್ದೆ? ಏನದು, ನೀನೇ ಹೇಳು!"

ಸುಮಂತ ದನಿ ತಗ್ಗಿಸಿದ. "ನಂಗೂ ಗೊತ್ತಿಲ್ಲಮ್ಮ. ಇಲ್ಲಿ ಯಾರಿಗೂ ಗೊತ್ತಿಲ್ಲ. ಆಫ್ ಮಾಡಿ ಆನ್ ಮಾಡ್ತೀವಿ, ಅಷ್ಟೇ."

"ಹದಿನಾಲ್ಕು ವರ್ಷದಿಂದ ನನ್ನ ಕೈ ಯಾರ ಕೈಲಿದೆ ಅಂತ ನಿಮಗೇ ಗೊತ್ತಿಲ್ವಾ?"

ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಂಪಕ್ಕ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

"ಗಟ್ಟಿಯಾಗಿ ಓದು. ಅರ್ಥವಾಗೋವರೆಗೆ ಇಬ್ಬರೂ ಏಳೋದಿಲ್ಲ."

ಅವನು ಎರಡನೇ ಸಾಲಿಗೆ ಬರುವಷ್ಟರಲ್ಲಿ ಸರತಿ ಮುರಿದು ಎಲ್ಲರೂ ಮೇಜಿನ ಸುತ್ತ ನಿಂತಿದ್ದರು.