ಶುದ್ಧಪ್ರತಿ

"ಇದರ ಕರಡು ಎಲ್ಲಿದೆಯಮ್ಮ?" ವಿಚಾರಣಾ ಸಮಿತಿಯ ಅಧ್ಯಕ್ಷರು ಪ್ರಬಂಧದ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು. "ಇಷ್ಟುದ್ದ ಕೈಯಲ್ಲಿ ಬರೆದಿದ್ದೀಯ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಯಂತ್ರ ಬರೆದುಕೊಟ್ಟಿದ್ದನ್ನ ಕೂತು ನಕಲು ಮಾಡಿದ್ದಾಳೆ ಅಂತ ನಿಮ್ಮ ಮೇಷ್ಟ್ರು ದೂರು ಕೊಟ್ಟಿದ್ದಾರೆ. ನೀನೇ ಬರೆದಿದ್ರೆ ಕರಡು ಇರಬೇಕಲ್ಲ?"

"ಇಲ್ಲ ಸಾರ್. ಹರಿದುಬಿಟ್ಟೆ. ಕಿಟಕಿ ಒರೆಸಿದ್ವಿ."

ಸಮಿತಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನಗುವ ಮಾತೇ, ಆದರೆ ನಿಜವಾದ ಮಾತು. ಹುಡುಗಿಯ ಅಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ತಿದ್ದುವುದಕ್ಕೂ ಯಂತ್ರ ಬಂದಮೇಲೆ ಮನೆಯಲ್ಲಿ ಕೂತವನು. ಅವಳು ಅಕ್ಷರ ಕಲಿತ ದಿನದಿಂದ ಆ ಮನೆಯಲ್ಲಿ ಒಂದೇ ಕಟ್ಟಳೆ: ಶುದ್ಧಪ್ರತಿ ಆಯಿತೋ, ಕರಡನ್ನು ಆ ಕ್ಷಣವೇ ಹರಿದುಹಾಕಬೇಕು. ಎರಡೂ ಜೊತೆಗಿದ್ದರೆ ಒಂದಲ್ಲ ಒಂದು ದಿನ ತಪ್ಪಿರುವುದೇ ಅಚ್ಚಿಗೆ ಹೋಗುತ್ತದೆ ಎನ್ನುತ್ತಿದ್ದ ಅಪ್ಪ. ಹರಿದ ಹಾಳೆಗಳಲ್ಲಿ ಗಾಜು, ಕನ್ನಡಿ, ಮೇಜು ಒರೆಸುತ್ತ ಅಮ್ಮ ನಗಾಡುವಳು: "ನಮ್ಮನೆ ಕಿಟಕಿಗಳನ್ನ ಪರೀಕ್ಷೆಗೆ ಕೂರಿಸಿದ್ರೆ ನಿನಗಿಂತ ಜಾಸ್ತಿ ಅಂಕ ತಗೋತಾವೆ ಕಣೇ."

ಅಧ್ಯಕ್ಷರು ನಗಲಿಲ್ಲ. ಒಳಗೆ ಬಂದಾಗ ಅವಳನ್ನು ಕೂರಲು ಹೇಳಿದವರೂ ಅವರೊಬ್ಬರೇ. "ನೋಡಮ್ಮ, ದೂರು ನಿಜ ಅಂತ ತೀರ್ಮಾನ ಆದ್ರೆ ವಿಶ್ವವಿದ್ಯಾಲಯದಿಂದ ನಿನ್ನ ಹೆಸರೇ ತೆಗೀಬೇಕಾಗುತ್ತೆ. ಇಷ್ಟು ವರ್ಷ ಓದಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ. ಒಂದು ಕೊನೇ ಅವಕಾಶ ಕೊಡ್ತೀನಿ. ಫೋನು ಇಲ್ಲಿಟ್ಟು ಪಕ್ಕದ ಕೋಣೇಲಿ ಕೂತ್ಕೊ. ಅದೇ ವಿಷಯದ ಮೇಲೆ ಒಂದು ಪುಟ ಬರಿ. ಶುದ್ಧಪ್ರತಿ ಒಂದೇ ತಂದ್ರೆ ಸಾಲದು, ಬಾಯಿಪಾಠ ಮಾಡಿದ್ದು ಅಂತಾರೆ. ಕರಡು ತಾ. ಕರಡು ನೋಡಿದ್ರೆ ತಲೆ ಯಾರದು ಅಂತ ನನಗೆ ತಿಳಿಯುತ್ತೆ."

ಪಕ್ಕದ ಕೋಣೆಯಲ್ಲಿ ಕಚೇರಿಯ ಆಯಾ ನೆಲ ಒರೆಸುತ್ತಿದ್ದಳು. ಹುಡುಗಿ ಮೇಜಿನ ಮುಂದೆ ಕೂತು ಅಪ್ಪನ ಶಾಯಿ ಪೆನ್ನು ತೆರೆದಳು. ಮೊದಲ ಸಾಲು ಬರೆದು ಹೊಡೆದು ಹಾಕಿದಳು. ಎರಡನೆಯದನ್ನೂ ಹೊಡೆದಳು. ಆಮೇಲೆ ಕೈ ಓಡತೊಡಗಿತು. ಕೆಳಗಿನ ಮಾತನ್ನು ಬಾಣ ಹಾಕಿ ಮೇಲಕ್ಕೆಳೆದಳು, ಹೊಸದಾಗಿ ಹೊಳೆದದ್ದನ್ನು ಅಂಚಿನಲ್ಲಿ ಅಡ್ಡಡ್ಡ ತುರುಕಿದಳು. ಮುಗಿಸಿದಾಗ ಹಾಳೆ ಕೋಳಿ ಕೆದರಿದ ತಿಪ್ಪೆಯಂತಿತ್ತು. ಅಂಥದೊಂದು ಹಾಳೆಯನ್ನು ಅವಳು ಹುಟ್ಟಿದಮೇಲೆ ಮೊದಲ ಸಲ ಪ್ರೀತಿಯಿಂದ ನೋಡಿದಳು. ಪಕ್ಕಕ್ಕಿಟ್ಟುಕೊಂಡು ಶುದ್ಧಪ್ರತಿ ಶುರುಮಾಡಿದಳು.

ಕೊನೆಯ ಸಾಲು ಮುಗಿಯುವಷ್ಟರಲ್ಲಿ ಆಯಾ ಒಂದು ಲೋಟ ತುಂಬ ನೀರು ತಂದಿಟ್ಟಳು. "ತುಟಿ ಒಣಗಿ ಹೋಗಿದೆ ಮಗಾ. ಕುಡಿ ಒಂದು ಗುಟುಕು."

ಬೆಳಗಿನಿಂದ ಅವಳಿಗೆ ನೀರು ಬೇಕೇ ಎಂದು ಕೇಳಿದವರು ಇನ್ಯಾರೂ ಇರಲಿಲ್ಲ. ಕಣ್ಣು ಹಾಳೆಯ ಮೇಲಿಟ್ಟುಕೊಂಡೇ ಹುಡುಗಿ ಕೈ ಚಾಚಿದಳು. ಲೋಟ ಉರುಳಿತು. ನೀರು ಶುದ್ಧಪ್ರತಿಯತ್ತ ಹರಿಯಿತು. ಎಡಗೈ ಅದನ್ನು ಚಂಗನೆ ಮೇಲೆತ್ತಿತು. ಬಲಗೈ ಪಕ್ಕದಲ್ಲಿದ್ದ ಹಾಳೆಯನ್ನು ಮುದುರಿ ಮೇಜನ್ನು ಒರೆಸಿತು. ಕೈಗಳು ಕಲಿತದ್ದೇ ಹಾಗೆ.

"ಅಯ್ಯೋ ಬಿಡು, ಸಾಹೇಬ್ರು ನೋಡಿದ್ರೆ ನಿನ್ನನ್ನ ಬೈತಾರೆ," ಎಂದು ಆಯಾ ಒದ್ದೆ ಮುದ್ದೆಯನ್ನು ಅವಳ ಕೈಯಿಂದ ತೆಗೆದು ನೆಲ ಒರೆಸುವ ನೀರಿನ ಬಕೆಟ್ಟಿಗೆ ಹಾಕಿದಳು. ಒಣಬಟ್ಟೆಯಿಂದ ಮೇಜನ್ನು ಕನ್ನಡಿಯಂತೆ ಮಾಡಿದಳು. "ಬರೆದಿದ್ದಕ್ಕೆ ಒಂದು ಹನೀನೂ ತಾಕಲಿಲ್ಲ. ಪುಣ್ಯ ನಿಂದು."

ಅಧ್ಯಕ್ಷರು ಬಂದರು. ಪುಟವನ್ನು ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಕರಡು?"

ಆಗ ಹುಡುಗಿ ಬಕೆಟ್ಟಿನ ಕಡೆ ನೋಡಿದಳು. ಓಡಿಹೋಗಿ ಕೈ ಅದ್ದಿದಳು. ಬೆರಳ ಸಂದಿಯಲ್ಲಿ ಹಿಟ್ಟಿನಂಥದ್ದೇನೋ ಬಂತು. ನೀರು ನೀಲಿಯಾಗಿತ್ತು.

ಏನಾಯಿತೆಂದು ಆಯಾಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. "ನಾನೇ ಹಾಕಿದ್ದು ಸಾಹೇಬ್ರೇ! ನಾನು ನೋಡ್ತಾನೇ ಇದ್ದೆ, ಮಗು ಬರಿಯೋದು, ಹೊಡೆಯೋದು, ಬರಿಯೋದು, ಹೊಡೆಯೋದು..."

"ಏನು ಬರೆದಿದ್ಲು?"

"ನನಗೆ ಓದಕ್ಕೆ ಬರಲ್ಲ," ಎಂದಳು ಆಯಾ.

ಅಧ್ಯಕ್ಷರು ಬಗ್ಗಿ ಆ ನೀಲಿ ನೀರನ್ನು ಬಹಳ ಹೊತ್ತು ನೋಡಿದರು. ನಂಬಿದರೆಂದೇ ತೋರಿತು. "ಬಕೆಟ್ಟನ್ನ ಫೈಲಿಗೆ ಸೇರಿಸೋಕಾಗಲ್ಲಮ್ಮ," ಎಂದು ಮೆಲ್ಲಗೆ ಹೇಳಿ, ಹುಡುಗಿಯ ಫೋನನ್ನು ಅವಳ ಕೈಗಿಟ್ಟು ಒಳಗೆ ಹೋದರು.

ಹೊರಗೆ ಬೆಂಚಿನ ಮೇಲೆ ಅಪ್ಪ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ. ಜೇಬಿನಲ್ಲಿ ಕೆಲಸ ಹೋದಮೇಲೂ ಬಿಡದ ಕೆಂಪು ಪೆನ್ಸಿಲ್ಲು. ಮಗಳನ್ನು ಕಂಡು ಎದ್ದು ನಿಂತ.

"ಒಳಗೆ ಏನೋ ಬರೆಸಿದ್ರಂತೆ. ಹೇಗೆ ಬರೆದೆ?"

"ಒಂದು ಚಿತ್ತೂ ಇಲ್ಲ ಅಪ್ಪಾ."

"ಕರಡು ಹರಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

ದೂರು ಬಂದ ದಿನದಿಂದ ಕಪ್ಪಿಟ್ಟಿದ್ದ ಅಪ್ಪನ ಮುಖ ಅರಳಿತು. "ಜಾಣೆ ನನ್ನ ಮಗಳು," ಎಂದು ಅವಳ ಬೆನ್ನು ತಟ್ಟಿದ. "ಇನ್ನೇನು ಭಯ, ನಡಿ."